ಮೊದಲು ಬ್ಯಾಟರಿ, ಆಮೇಲೆ ರಿಮೋಟ್

"ಒತ್ತಿ ತೋರಿಸಿ," ಎಂದಳು ಇನ್ಸ್‌ಪೆಕ್ಟರ್.

ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ, ಅರ್ಧ ಹೊಲಿದ ಕೋಟಿನ ತೋಳಿನ ಪಕ್ಕದಲ್ಲಿ ರಿಮೋಟ್ ಕೂತಿತ್ತು. ಎರಡು ಕಡ್ಡಿ, ಹತ್ತಾರು ಗುಂಡಿ, ಕೆಳಗೆ ಅಂಗೈಯಗಲದ ಪರದೆ. ಎಂಟು ದಿನದ ಹಿಂದೆ, ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಇದು ಆರಿದ ಮರುಕ್ಷಣವೇ ಬ್ಯಾಟರಿಯಿಂದ ಹಾರುವ ಒಂದು ಮಾದರಿ ವಿಮಾನ ತನ್ನ ಒಡೆಯನ ಕುತ್ತಿಗೆ ಸೀಳಿತ್ತು. ಒಡೆಯ ಊರಿಗೆಲ್ಲ ಗೊತ್ತಿದ್ದ ದಂತವೈದ್ಯ. ರಿಮೋಟ್ ಆಗ ಇದ್ದದ್ದು ಅವನ ಹೆಂಡತಿಯ ಕೈಯಲ್ಲಿ.

ಆ ಹೆಂಡತಿ ಈಗ ಮೇಜಿನ ಆಚೆ ಬದಿ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು, ಬೆರಳ ತುದಿಯಲ್ಲಿ ನೀಲಿ ಸೀಮೆಸುಣ್ಣ. ಗಂಡ ಸತ್ತು ಒಂಬತ್ತು ದಿನವಾಗಿಲ್ಲ, ಆಗಲೇ ಹೊಲಿಗೆ ಯಂತ್ರದ ಮುಂದೆ ಕೂತಳಲ್ಲ ಎಂದು ಬೀದಿಯವರು ಬಾಯಿಗೆ ಬಂದದ್ದು ಆಡುತ್ತಿದ್ದರು. ಅದು ಆಕೆಯ ಕಿವಿಗೂ ಬಿದ್ದಿತ್ತು. ಬಿದ್ದರೆ ಬೀಳಲಿ ಎಂದು ಯಂತ್ರಕ್ಕೆ ಎಣ್ಣೆ ಬಿಟ್ಟುಕೊಂಡಿದ್ದಳು.

"ಏನು ಒತ್ತಬೇಕು?"

"ಆರಿಸೋ ಗುಂಡಿ. ಹೋದ ಸಲ ಹೇಳಿದ್ರಲ್ಲ, ಕೈ ತಪ್ಪಿ ಹೆಬ್ಬೆಟ್ಟು ತಾಗಿಬಿಡ್ತು ಅಂತ. ಹಾಗೇ ತಾಗಿಸಿ."

ಆಕೆ ಗುಂಡಿಯನ್ನು ಮುಟ್ಟಿದಳು. ಪರದೆ ಬೆಳಗುತ್ತಲೇ ಇತ್ತು. ಇನ್ನೊಮ್ಮೆ ಮುಟ್ಟಿದಳು. ರಿಮೋಟ್ ಜಪ್ಪಯ್ಯ ಎನ್ನಲಿಲ್ಲ.

"ಆರ್ತಿಲ್ಲ."

"ಒತ್ತಿ ಹಿಡೀರಿ. ಬಿಡಬೇಡಿ. ನಾನು ಎಣಿಸ್ತೀನಿ. ಒಂದು."

ರಿಮೋಟ್ ಅಂಗೈಯಲ್ಲಿ ಗುರ್ ಎಂದು ನಡುಗಿತು. ಪರದೆಯ ಮೇಲಿದ್ದ ಮೂರು ದೀಪಗಳಲ್ಲಿ ಒಂದು ಆರಿತು.

"ಎರಡು."

ಮತ್ತೆ ಗುರ್. ಇನ್ನೊಂದು ದೀಪ.

"ಮೂರು."

ಪರದೆ ಕಪ್ಪಾಯಿತು.

"ಮೂರು ಎಣಿಸೋವರೆಗೂ ಒತ್ತಿ ಹಿಡೀಬೇಕು. ಮಧ್ಯೆ ಅದೇ ಎರಡು ಸಲ ನಡುಗಿ ಎಚ್ಚರಿಸುತ್ತೆ. ವಿಮಾನ ಮೇಲಿರೋವಾಗ ಯಾರದೋ ಬೆರಳು ತಾಗಿ ಆರಬಾರದು ಅಂತ ಮಾಡಿರೋದು. ಇದರಲ್ಲಿ ಕೈ ತಪ್ಪೋ ಮಾತು ಎಲ್ಲಿಂದ ಬಂತು, ಅಮ್ಮಾ?"

ಆಕೆ ರಿಮೋಟನ್ನು ಮೇಜಿನ ಮೇಲಿಟ್ಟು, ಅದಕ್ಕೆ ಮೆತ್ತಿದ್ದ ಸೀಮೆಸುಣ್ಣವನ್ನು ಸೆರಗಿನಿಂದ ಒರೆಸಿದಳು.

ಠಾಣೆಯಲ್ಲಿ ಈ ಇನ್ಸ್‌ಪೆಕ್ಟರಿಗೆ ಹಲ್ಲುನೋವು ಎಂದು ಅಡ್ಡಹೆಸರು. ಹಿಡಿದರೆ ಬಿಡುವುದಿಲ್ಲ, ಮಲಗಗೊಡುವುದಿಲ್ಲ, ಕಿತ್ತು ಹಾಕಿದರೇ ಶಾಂತಿ. ದಂತವೈದ್ಯನ ಸಾವಿಗೆ ಹಲ್ಲುನೋವನ್ನೇ ಕಳಿಸಿದ್ದಾರಲ್ಲಪ್ಪ ಎಂದು ಜೊತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳೂ ನಕ್ಕಿದ್ದಳು. ನಿನ್ನೆ ಸಂಜೆಯಿಂದ ಮಾತ್ರ ಅವಳಿಗೆ ನಗು ಬಂದಿರಲಿಲ್ಲ.

ನಿನ್ನೆ ಸಂಜೆ ಸತ್ತವನ ಅಣ್ಣ ತಾನಾಗಿಯೇ ಠಾಣೆಗೆ ನಡೆದುಬಂದು, "ನಾನೇ ಮಾಡಿದ್ದು, ಬರ್ಕೊಳ್ಳಿ" ಎಂದು ಬೆಂಚಿನ ಮೇಲೆ ಕೂತುಬಿಟ್ಟಿದ್ದ.

ಅಣ್ಣ ಬಡಗಿ. ತಮ್ಮ ಹಾರಿಸುತ್ತಿದ್ದ ಒಂದೊಂದು ಯುದ್ಧವಿಮಾನವೂ ಅವನ ಕೈಯಿಂದ ಹುಟ್ಟಿದ್ದು. ಹಗುರ ಮರವನ್ನು ಕಾಗದದಷ್ಟು ತೆಳ್ಳಗೆ ಸೀಳುತ್ತಿದ್ದ, ರೆಕ್ಕೆಯ ಮೇಲೆ ಸೂಜಿಮೊನೆಯಿಂದ ಸಾವಿರಾರು ಮೊಳೆತಲೆಗಳನ್ನು ಒತ್ತುತ್ತಿದ್ದ, ಬಂದೂಕಿನ ಬಾಯಿಗೆ ಹೊಗೆ ಕಪ್ಪನ್ನು ಬೆರಳಿನಿಂದ ಸವರುತ್ತಿದ್ದ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಹಳೆಯ ಮಹಾಯುದ್ಧದಿಂದ ಈಗಷ್ಟೇ ಇಳಿದು ಬಂದಂತಿರುತ್ತಿತ್ತು. ಆ ಎರಡು ಕೈಗಳನ್ನು ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಬೇರೆ ಆಸ್ತಿ ಇರಲಿಲ್ಲ.

ಐದು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಯೂ ಅದೇ ಮಾತು ಹೇಳಿದರೆ ಉಳಿದ ಆಯಸ್ಸು ಜೈಲಿನಲ್ಲಿ. ಅವನು ಸುಳ್ಳು ಹೇಳುತ್ತಿದ್ದಾನೆಂದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಗೊತ್ತಿದ್ದರೆ ಸಾಲದು, ತೋರಿಸಬೇಕು.

ತೋರಿಸುವುದಕ್ಕೂ ಅವಳು ದಾರಿ ಹುಡುಕಿದ್ದಳು.

ವಿಮಾನ ಹಾರಿಸುವ ಕ್ಲಬ್ಬಿನ ಶೆಡ್ಡಿನಲ್ಲಿ ಕೆಂಪು ಅಕ್ಷರದ ಹಲಗೆಯೊಂದಿದೆ: ಇಳಿಸಿದ ಮೇಲೆ ಮೊದಲು ಬ್ಯಾಟರಿ, ಆಮೇಲೆ ರಿಮೋಟ್. ಬರೆದವನು ದಂತವೈದ್ಯ, ಕ್ಲಬ್ಬಿನ ಅಧ್ಯಕ್ಷ. ವಿಮಾನದ ಬ್ಯಾಟರಿ ತೆಗೆಯುವವರೆಗೂ ರಿಮೋಟ್ ಹತ್ತಿಕೊಂಡೇ ಇರಬೇಕು. ಹಿಂದುಮುಂದು ಮಾಡಿದವನು ಆ ದಿನ ಎಲ್ಲರ ವಿಮಾನಗಳನ್ನೂ ಹೊತ್ತು ಶೆಡ್ಡಿಗೆ ಸಾಗಿಸಬೇಕು. ಬಡಗಿ ಹನ್ನೊಂದು ವರ್ಷದಿಂದ ಹೊರುತ್ತಲೇ ಇದ್ದ. ಕೋಣೆಯಿಂದ ಹೊರಡುವಾಗ ದೀಪ ಆರಿಸುವ ಹಾಗೆ ಅವನ ಎಡಗೈ ಮೊದಲು ರಿಮೋಟ್ ಆರಿಸುತ್ತಿತ್ತು, ಆರಿಸುತ್ತಿರುವಾಗಲೇ ಬಲಗೈ ಬ್ಯಾಟರಿ ಮುಚ್ಚಳಕ್ಕೆ ಹೋಗುತ್ತಿತ್ತು. ಬೈದರೂ ಬುದ್ಧಿ ಬಂದಿರಲಿಲ್ಲ.

ದಂತವೈದ್ಯನನ್ನು ಕೊಂದ ಬಲೆ ಇದ್ದದ್ದು ಈ ಹಿಂದುಮುಂದಿನ ಮೇಲೆಯೇ. ವಿಮಾನವನ್ನೂ ರಿಮೋಟನ್ನೂ ಮೊದಲ ಸಲ ಜೋಡಿ ಮಾಡುವಾಗ, ರಿಮೋಟಿನ ಮೇಲೆ ಮೋಟಾರಿನ ವೇಗದ ಕಡ್ಡಿ ಎಲ್ಲಿದೆಯೋ ಅದನ್ನು ವಿಮಾನ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಎಂದಾದರೂ ರಿಮೋಟಿನ ಸುಳಿವು ತಪ್ಪಿದರೆ ಮೋಟಾರನ್ನು ಅದೇ ವೇಗಕ್ಕೆ ತರುತ್ತದೆ. ಕಡ್ಡಿ ಕೆಳಗಿಟ್ಟು ಜೋಡಿ ಮಾಡಿದರೆ ಮೋಟಾರು ನಿಲ್ಲುತ್ತದೆ; ಎಲ್ಲರೂ ಮಾಡುವುದು ಹಾಗೆ. ಯಾರೋ ಕಡ್ಡಿಯನ್ನು ಪೂರ್ತಿ ಮೇಲೆ ತಳ್ಳಿ ಜೋಡಿ ಮಾಡಿದ್ದರು. ಬ್ಯಾಟರಿ ಮೊದಲು ತೆಗೆಯುವವನಿಗೆ ನೂರು ವರ್ಷವಾದರೂ ಏನೂ ಆಗದು. ರಿಮೋಟ್ ಮೊದಲು ಆರಿದರೆ ಮಾತ್ರ ಪ್ರೊಪೆಲರ್ ಹುಚ್ಚೆದ್ದು ಎದುರಿಗಿದ್ದವನ ಮೇಲೆ ನುಗ್ಗುತ್ತದೆ.

ಇಂಥ ಬಲೆಯನ್ನು ಬಡಗಿ ಹೆಣೆದಿದ್ದರೆ ಅದಕ್ಕೆ ಮೊದಲು ಬೀಳುತ್ತಿದ್ದವನು ಬಡಗಿಯೇ. ತಮ್ಮನ ವಿಮಾನವನ್ನು ಪ್ರತಿ ಭಾನುವಾರ ಮೊದಲು ಹಾರಿಸಿ ನೋಡುತ್ತಿದ್ದವನು ಅವನು. ಆ ಭಾನುವಾರ ಮಾತ್ರ ತಡವಾಗಿ ಬಂದಿದ್ದ.

ಅದನ್ನೇ ನ್ಯಾಯಾಧೀಶರಿಗೆ ಫೋಟೋ ಸಮೇತ ತೋರಿಸಬೇಕೆಂದು, ನಾಲ್ಕು ಗಂಟೆಗೆ ಠಾಣೆಯ ಅಂಗಳದಲ್ಲಿ ಬಡಗಿಯಿಂದ ಎಲ್ಲವನ್ನೂ ಮಾಡಿಸಿ ನೋಡಲು ಮುಖ್ಯ ಪೇದೆಗೆ ಹೇಳಿ ಬಂದಿದ್ದಳು. ಸತ್ತವನ ಹಸಿರು ವಿಮಾನ ಪ್ರಯೋಗಾಲಯದಲ್ಲಿತ್ತು. ಬಡಗಿಯದೇ ಒಂದು ಬೂದು ವಿಮಾನ, ಅದೇ ಅಚ್ಚಿನದು, ಇನ್ನೂ ಹಾರಿಸದೇ ಇದ್ದದ್ದು, ಈ ಮನೆಯ ಹಿಂದಿನ ಕೆಲಸದ ಶೆಡ್ಡಿನಲ್ಲಿ ಪೊಲೀಸ್ ಬೀಗದೊಳಗಿತ್ತು. ಬೆಳಿಗ್ಗೆ ಹಿತ್ತಲ ಗೇಟಿನಿಂದ ಅದನ್ನೂ ಅದರ ರಿಮೋಟನ್ನೂ ಠಾಣೆಗೆ ತರಿಸಿದ್ದಳು.

"ಪ್ರೊಪೆಲರ್ ಬಿಚ್ಲಾ ಮೇಡಂ?" ಎಂದು ಬಡಗಿ ಕೇಳಿದ್ದ.

"ಬೇಡ. ದಿನಾ ಹೇಗಿರುತ್ತೋ ಹಾಗೇ ಇರಲಿ," ಎಂದವಳು ಇವಳೇ.

ಮುಖ್ಯ ಪೇದೆಗೆ ಅಳತೆಗೋಲು ಎಂದು ಹೆಸರು. ಹೇಳಿದ್ದಕ್ಕಿಂತ ಕೂದಲೆಳೆ ಹೆಚ್ಚು ಮಾಡುವವನಲ್ಲ, ಕಡಿಮೆ ಮಾಡುವವನೂ ಅಲ್ಲ. "ಅವನ ಅಭ್ಯಾಸದಂತೆ ಮಾಡಲಿ. ಮಧ್ಯೆ ಬಾಯಿ ಹಾಕಬೇಡಿ," ಎಂದು ಅವನಿಗೆ ಕಟ್ಟುನಿಟ್ಟಾಗಿ ಹೇಳಿದ್ದಳು.

ಗೋಡೆಯ ಗಡಿಯಾರದಲ್ಲಿ ಈಗ ಮೂರೂವರೆ ದಾಟಿತ್ತು.

"ಭಾವ ಒಪ್ಕೊಂಡಿದ್ದಾರಂತಲ್ಲ," ಎಂದಳು ಆಕೆ ಕೊನೆಗೆ. "ಮತ್ತೆ ನನ್ನ ಹತ್ರ ಯಾಕೆ ಬಂದ್ರಿ?"

"ಅವರು ಒಪ್ಕೊಂಡದ್ದು ಸುಳ್ಳು."

"ಸುಳ್ಳಾದ್ರೂ ಅವರದೇ ಬಾಯಿ ತಾನೇ?"

ಇನ್ಸ್‌ಪೆಕ್ಟರ್ ಚೀಲದಿಂದ ಒಂದು ಹಾಳೆ ತೆಗೆದು ಕೋಟಿನ ತೋಳಿನ ಮೇಲೆ ಹರಡಿದಳು.

"ಪ್ರಯೋಗಾಲಯದವರು ಕೊಟ್ಟಿದ್ದು. ಈ ರಿಮೋಟ್ ತನ್ನ ದಿನಚರಿ ತಾನೇ ಬರ್ಕೊಳ್ಳುತ್ತೆ. ಹಸಿರು ವಿಮಾನಕ್ಕೆ ಹೊಸದಾಗಿ ಜೋಡಿ ಮಾಡಿರೋದು ಶನಿವಾರ ರಾತ್ರಿ ಒಂಬತ್ತು ಇಪ್ಪತ್ತೈದಕ್ಕೆ. ಆ ಹೊತ್ತಿಗೆ ಕ್ಲಬ್ಬಿನ ವಾರ್ಷಿಕ ಊಟ. ನಿಮ್ಮ ಭಾವ ಎಂಟೂವರೆಯಿಂದ ಹನ್ನೊಂದರವರೆಗೆ ಅಲ್ಲೇ ಇದ್ದರು. ನಲವತ್ತು ಜನ ನೋಡಿದ್ದಾರೆ. ನಿಮ್ಮ ಯಜಮಾನರೂ ಅಲ್ಲೇ ಭಾಷಣ ಮಾಡ್ತಿದ್ದರು. ಮನೇಲಿ ಇದ್ದದ್ದು ವಿಮಾನ, ರಿಮೋಟು, ಮತ್ತೆ ನೀವು."

"ನಂಗೆ ಅದರ ತಲೆಬುಡ ಗೊತ್ತಿಲ್ಲ. ಕ್ಲಬ್ಬಲ್ಲಿ ಯಾರನ್ನಾದ್ರೂ ಕೇಳಿ."

"ಕೇಳಿದೆ. ಆ ಅಮ್ಮನಿಗೆ ರಿಮೋಟ್ ಹಿಡ್ಕೊಂಡು ನಿಲ್ಲೋದು ಬಿಟ್ರೆ ಏನೂ ಗೊತ್ತಿಲ್ಲ ಅಂದ್ರು. ಎಲ್ಲರೂ ಅದೇ ಮಾತು, ಗಿಣಿಪಾಠ." ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ದಬ್ಬಳವನ್ನು ಎತ್ತಿ ಬೆಳಕಿಗೆ ಹಿಡಿದಳು. "ಜೋಡಿ ಮಾಡೋಕೆ ವಿಮಾನದ ಹೊಟ್ಟೇಲಿ ಸಾಸಿವೆ ಗಾತ್ರದ ಒಂದು ಗುಂಡಿ ಒತ್ತಬೇಕು. ಬೆರಳು ಹೋಗಲ್ಲ. ಚೂಪಾದದ್ದೇನಾದ್ರೂ ಬೇಕು. ಆ ತೂತಲ್ಲಿ ಏನಿತ್ತು ಗೊತ್ತಾ? ನೀಲಿ ಸೀಮೆಸುಣ್ಣದ ಪುಡಿ."

ಆಕೆ ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು. ಮುಚ್ಚಿಟ್ಟುಕೊಳ್ಳಲಿಲ್ಲ.

"ಊರಲ್ಲಿ ನಾನೊಬ್ಬಳೇ ದರ್ಜಿನಾ?"

"ಅಲ್ಲ. ಆದ್ರೆ ಈ ಮನೇಲಿ ಒಬ್ಬರೇ."

ಹೊರಗೆ ಬೀದಿಯಲ್ಲಿ ಯಾರೋ ಗಾಡಿಯ ಹಾರನ್ ಒತ್ತಿ ಹಿಡಿದಿದ್ದರು. ಇನ್ಸ್‌ಪೆಕ್ಟರಿಗೆ ಮುಂದಿನ ಮಾತು ಇಷ್ಟವಿರಲಿಲ್ಲ. ಆದರೆ ಬಾಗಿಲು ತೆಗೆಯದಿದ್ದರೆ ಒದೆಯಬೇಕು, ಅವಳಿಗೆ ಗೊತ್ತಿದ್ದ ವಿದ್ಯೆ ಅಷ್ಟೇ.

"ತೋಳು ಮೇಲೆ ಮಾಡಿ."

"ಯಾಕೆ?"

"ಮಾಡಿ ಅಮ್ಮಾ."

ಆಕೆ ಉದ್ದ ತೋಳಿನ ಕುಪ್ಪಸವನ್ನು ಮೊಣಕೈವರೆಗೆ ಸರಿಸಿದಳು. ಮುಂಗೈಯ ಒಳಭಾಗದಲ್ಲಿ ಸಾಲಾಗಿ ಮೂರು ಕಲೆ, ಒಂದೊಂದೂ ಕಡಲೆಕಾಳಿನಷ್ಟು. ಅಳತೆ ಮಾಡಿ ಇಟ್ಟ ಹಾಗೆ ಸಮ ಅಂತರ.

"ಬೆಸುಗೆ ಕಡ್ಡಿ," ಎಂದಳು ಇನ್ಸ್‌ಪೆಕ್ಟರ್. "ವಯರ್ ಅಂಟಿಸೋ ಬಿಸಿ ಕಡ್ಡಿ. ಯಾವಾಗ ಇಟ್ರು?"

ಆಕೆ ನಕ್ಕಳು. ಚಂದದ ನಗು, ಆದರೆ ನೋಡಿದವರಿಗೆ ಮೈ ಜುಮ್ಮೆನ್ನಬೇಕು.

"ಪಾಠದ ಲೆಕ್ಕ ಅದು. ವಿಮಾನ ಇಳಿದ ತಕ್ಷಣ ರಿಮೋಟ್ ನನ್ನ ಕೈಗೆ ಎಸೆಯೋರು. ನಾನು ಮೂರು ಹೆಜ್ಜೆ ಹಿಂದೆ ನಿಲ್ಲಬೇಕು. ಅವರು ಬ್ಯಾಟರಿ ತೆಗೆದು 'ಹೂಂ' ಅಂದ ಮೇಲೆ ಆರಿಸಬೇಕು. ಮೊದಲ ವರ್ಷ ಮೂರು ಸಲ ಹೂಂ ಅನ್ನೋಕೆ ಮುಂಚೆ ಆರಿಸಿಬಿಟ್ಟೆ. ಮನೆಗೆ ಬಂದು ಒಂದೊಂದು ಸಲಕ್ಕೆ ಒಂದೊಂದು ಇಟ್ರು. ದಿನವಿಡೀ ಕಂಡೋರಿಗೆಲ್ಲ ಬಾಯಿ ತೆಗೀರಿ ಅನ್ನೋರು, ಮನೆಗೆ ಬಂದು ನಂಗೆ ಬಾಯಿ ಮುಚ್ಚು ಅನ್ನೋರು."

"ಆಮೇಲೆ ಹತ್ತು ವರ್ಷ ಒಂದು ಸಲವೂ ತಪ್ಪಲಿಲ್ಲ."

"ಇಲ್ಲ."

"ಇದೇ ಸಾಕ್ಷಿ," ಎಂದಳು ಇನ್ಸ್‌ಪೆಕ್ಟರ್. "ಸುಟ್ಟು ಕಲಿಸಿದ ಪಾಠ ಮರೆಯೋ ಹಾಗಿಲ್ಲ. ಹತ್ತು ವರ್ಷ ತಪ್ಪದ ಕೈ ಆ ಒಂದು ಭಾನುವಾರ ತಪ್ಪಿತು ಅಂದ್ರೆ ಯಾವ ನ್ಯಾಯಾಧೀಶರೂ ನಂಬಲ್ಲ. ಈ ಮೂರು ಕಲೆಯನ್ನ ನಾನು ಅವರ ಮುಂದೆ ಇಡ್ತೀನಿ. ನಿಮ್ಮ ಮೇಲೆ ಕರುಣೆ ಬರಲಿ ಅಂತಲ್ಲ, ನೀವು ಬೇಕಂತಲೇ ಮಾಡಿದ್ರಿ ಅಂತ."

ಹೇಳಿದ ಮೇಲೆ ಅವಳಿಗೇ ಬಾಯಿ ಕಹಿಯಾಯಿತು. ಗಂಡ ಇಟ್ಟ ಬರೆಯನ್ನು ಹೆಂಡತಿಯ ಕೊರಳಿಗೆ ಉರುಳು ಮಾಡುವ ಕೆಲಸ. ಸರ್ಕಾರ ಇದಕ್ಕೆ ಸಂಬಳ ಕೊಡುತ್ತಿತ್ತು.

ಆಕೆ ಅಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು, ತೋಳನ್ನು ಮಡಿಕೆ ಬೀಳದ ಹಾಗೆ ಕೆಳಗಿಳಿಸಿದಳು.

"ಭಲೇ ಹುಷಾರಿದ್ದೀರಾ ಮೇಡಂ. ನನ್ನ ಗಂಡ ಇದ್ದಿದ್ರೆ ನಿಮ್ಮನ್ನ ಮೆಚ್ಕೋತಿದ್ರು."

"ನಿಮಗೆ ಜೋಡಿ ಮಾಡೋದು ಯಾರು ಕಲಿಸಿದ್ದು?"

"ಅವರೇ."

ಇನ್ಸ್‌ಪೆಕ್ಟರ್ ಪೆನ್ನು ತೆಗೆಯಲು ಹೋಗಿ ಕೈ ತಡೆದಳು. ಬರೆಯುವುದನ್ನು ಕಂಡರೆ ಮಾತು ನಿಲ್ಲುತ್ತದೆ.

"ಬರ್ಕೊಳ್ಳಿ, ಬರ್ಕೊಳ್ಳಿ," ಎಂದಳು ಆಕೆ. "ಇಲ್ಲಿರೋದು ನೀವು, ನಾನು. ನಾಳೆ ನಾನು ಹೇಳೇ ಇಲ್ಲ ಅಂದ್ರೆ ಆಯ್ತು. ಅದಕ್ಕೇ ಹೇಳ್ತಿದೀನಿ. ಒಂಬತ್ತು ದಿನದಿಂದ ಯಾರ ಹತ್ರನಾದ್ರೂ ಹೇಳೋಣ ಅನ್ನಿಸಿದೆ."

ಹೇಳುತ್ತ ಆಕೆ ಸೀಮೆಸುಣ್ಣ ಕೈಗೆತ್ತಿಕೊಂಡು ಕೋಟಿನ ತೋಳಿನ ಮೇಲೆ ಗೆರೆ ಎಳೆಯತೊಡಗಿದಳು. ಗೆರೆ ಒಂದೂ ಸೊಟ್ಟಗಾಗಲಿಲ್ಲ.

"ಈ ತಿಂಗಳ ಕೊನೇಲಿ ದೊಡ್ಡ ಸ್ಪರ್ಧೆ ಇದೆ, ಗೊತ್ತಲ್ಲ? ಅದಕ್ಕೆ ಒಂದು ನಿಯಮ. ವಿಮಾನ ಹಾರಿಸೋನೇ ಅದನ್ನ ಕಟ್ಟಿರಬೇಕು. ನಾನೇ ಕಟ್ಟಿದ್ದು ಅಂತ ರುಜು ಹಾಕಬೇಕು. ನಮ್ಮವರು ಹನ್ನೊಂದು ವರ್ಷ ರುಜು ಹಾಕಿದ್ರು. ಭಾವನ ಕೈ ಕೆಸರು, ಇವರ ಬಾಯಿ ಮೊಸರು. ಭಾವ ತುಟಿ ಪಿಟಕ್ ಅನ್ನಲಿಲ್ಲ. ಈ ವರ್ಷ ಏನಾಯ್ತೋ ಏನೋ, ಗುಟ್ಟಾಗಿ ತಮಗೊಂದು ಕಟ್ಕೊಂಡ್ರು. ನನ್ನ ಹೆಸರಲ್ಲೂ ಒಂದು ಅರ್ಜಿ ಹಾಕ್ತೀನಿ ಕಣೋ ಅಂತ ತಮ್ಮನಿಗೆ ಹೇಳಿದ್ರು. ಹೇಳೋವಾಗ ಕೈ ಮುಗಿದಿದ್ರು, ಅಪ್ಪಣೆ ಕೇಳೋ ಹಾಗೆ."

"ಅದಕ್ಕೆ ನಿಮ್ಮ ಯಜಮಾನರು?"

"ನಕ್ಕೊಂಡು ಬೆನ್ನು ತಟ್ಟಿದ್ರು. ಅವರು ನಕ್ಕರೆ ನಂಗೆ ಹೆದರಿಕೆ." ಆಕೆ ಇನ್ನೊಂದು ಗೆರೆ ಎಳೆದಳು. "ಶನಿವಾರ ಭಾವ ಊಟದ ಹಾಲಿಗೆ ಕುರ್ಚಿ ಹಾಕಿಸೋಕೆ ಮೊದಲೇ ಹೋದ್ರು. ಇವರು ನನ್ನನ್ನ ಶೆಡ್ಡಿಗೆ ಕರೆದ್ರು. ಟಾರ್ಚ್ ಹಿಡ್ಕೋ ಬಾ ಅಂದ್ರು. ಹಿಡ್ಕೊಂಡೆ. ಒಂದೊಂದೇ ಹೇಳ್ತಾ ಹೋದ್ರು. ಕಡ್ಡಿ ಮೇಲಕ್ಕೆ, ಈ ತೂತಲ್ಲಿ ಒತ್ತೋದು, ದೀಪ ಮಿನುಗಿ ನಿಂತ್ರೆ ಮುಗೀತು. ಅರ್ಥ ಆಗದೋರ ಮುಂದೆ ವಿವರಿಸೋದು ಅಂದ್ರೆ ಅವರಿಗೆ ಪ್ರಾಣ. ಕಡಿಯೋಕೆ ಬರದ ನಾಯಿ ಮುಂದೆ ಮಾಂಸ ಆಡಿಸಿದ ಹಾಗೆ."

"ಯಾವ ವಿಮಾನಕ್ಕೆ?"

ಆಕೆ ಆ ಪ್ರಶ್ನೆ ಕೇಳಿಸದವಳಂತೆ ಮುಂದುವರಿಸಿದಳು.

"ನಾನು ಕೇಳಿದೆ, ಭಾವ ಸತ್ತುಹೋದ್ರೆ? ಅಂತ. ಛೆ, ಸಾಯಲ್ಲ ಕಣೇ, ಅಂದ್ರು. ಬೆರಳು ಹೋಗುತ್ತೆ ಅಷ್ಟೆ. ಬೆರಳಿಲ್ಲದ ಬಡಗಿ ಇನ್ನೇನು ಕಟ್ತಾನೆ? ಜೀವಮಾನವೆಲ್ಲ ನಮ್ಮನೆ ಬಾಗಿಲಲ್ಲೇ ಬಿದ್ದಿರ್ತಾನೆ, ನಾನೇ ಊಟ ಹಾಕ್ತೀನಿ, ಅಂದ್ರು. ಊಟ ಹಾಕ್ತೀನಿ ಅನ್ನೋವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು, ಮೇಡಂ. ನಿಜವಾಗಿ. ಅಣ್ಣನ ಮೇಲೆ ಅಷ್ಟು ಪ್ರೀತಿ."

ಇನ್ಸ್‌ಪೆಕ್ಟರ್ ದಬ್ಬಳವನ್ನು ಮೇಜಿನ ಆ ತುದಿಗೆ ಸರಿಸಿದಳು. ಹಲ್ಲುನೋವು ಎಂದು ಹೆಸರಿದ್ದರೂ ಅವಳಿಗೂ ಒಬ್ಬ ಅಣ್ಣನಿದ್ದ.

"ಅವರು ಭಾಷಣಕ್ಕೆ ಹೋದ ಮೇಲೆ ನಾನು ದಬ್ಬಳ ತಗೊಂಡೆ," ಎಂದಳು ಆಕೆ. "ಹೇಳಿಕೊಟ್ಟಿದ್ದನ್ನೇ ಮಾಡಿದೆ, ಅವರ ಹಸಿರು ವಿಮಾನಕ್ಕೆ. ನಿದ್ದೆ ಬಂತು ಆಮೇಲೆ. ಎಷ್ಟೋ ವರ್ಷಕ್ಕೆ."

"ಬೆಳಿಗ್ಗೆ ನಿಮ್ಮ ಭಾವ ಮೊದಲು ಹಾರಿಸಿ ನೋಡಿದ್ರೆ?"

"ಅದಕ್ಕೇ ಅವರನ್ನ ಬಟನ್ ತರೋಕೆ ಅಂಗಡಿಗೆ ಕಳಿಸಿದ್ದೆ. ಭಾನುವಾರ ಅಷ್ಟೊತ್ತಿಗೆ ಯಾವ ಅಂಗಡಿ ತೆಗೆದಿರುತ್ತೆ? ಪಾಪ, ಎರಡು ಬೀದಿ ಸುತ್ತಿ ಬಂದ್ರು."

ಈಗ ಎಲ್ಲವೂ ಒಂದರ ಹಿಂದೆ ಒಂದು ಕೂತುಕೊಂಡಿತು. ಮೈದಾನ, ಇಳಿದು ನಿಂತ ಹಸಿರು ವಿಮಾನ. ಸ್ಪರ್ಧೆಯ ತೀರ್ಪುಗಾರರ ಕಣ್ಣಿಗೆ ಬೀಳದಿರಲೆಂದು ಬಡಗಿ ಬ್ಯಾಟರಿ ಮುಚ್ಚಳವನ್ನು ಮೂಗಿನ ಕೆಳಗೆ ಅಡಗಿಸಿದ್ದ. ಅದನ್ನು ತೆಗೆಯಬೇಕಾದರೆ ಪ್ರೊಪೆಲರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಗ್ಗಬೇಕು. ದಂತವೈದ್ಯ ಬಗ್ಗಿದ. ಮೂರು ಹೆಜ್ಜೆ ಹಿಂದೆ ಹೆಂಡತಿ ಮನಸ್ಸಿನಲ್ಲೇ ಎಣಿಸಿದಳು.

"ಭಾವನನ್ನ ಯಾಕೆ ಲಾಕಪ್ಪಲ್ಲಿ ಕೂರೋಕೆ ಬಿಟ್ರಿ?" ಇನ್ಸ್‌ಪೆಕ್ಟರಿನ ದನಿ ಏರಿತು. "ನಿಮ್ಮನ್ನ ಉಳಿಸೋಕೆ ಆ ಮನುಷ್ಯ ತಾನೇ ಮಾಡಿದ್ದು ಅಂತ ಹೇಳ್ಕೊಂಡ. ನೀವು ಇಲ್ಲಿ ಕೋಟು ಹೊಲೀತಿದ್ದೀರಾ!"

ಸೀಮೆಸುಣ್ಣ ನಿಂತಿತು.

"ಮೊದಲನೇ ಬರೆ ಬಿದ್ದ ದಿನ ಭಾವ ಶೆಡ್ಡಲ್ಲೇ ಇದ್ರು. ನಾನು ಕಿರುಚಿದ್ದು ಕೇಳಿಸ್ತು. ಎದ್ದು ಬಂದ್ರು. ಮುಲಾಮು ಹಚ್ಚಿದ್ರು. ಏನಂದ್ರು ಗೊತ್ತಾ? 'ಸಹಿಸ್ಕೋಮ್ಮ, ಅವನ ಸ್ವಭಾವ ನಿಂಗೊತ್ತಲ್ಲ.' ಆಮೇಲೆ ಹೋಗಿ ರೆಕ್ಕೆ ಉಜ್ತಾ ಕೂತ್ರು. ಉಪ್ಪುಕಾಗದದ ಶಬ್ದ ರಾತ್ರಿಯೆಲ್ಲ ಕೇಳ್ತಿತ್ತು. ಎರಡನೇ ಸಲವೂ ಮುಲಾಮು. ಮೂರನೇ ಸಲವೂ ಮುಲಾಮು. ಅಂಥ ಒಳ್ಳೇ ಮನುಷ್ಯ ಅವರು. ಹನ್ನೊಂದು ವರ್ಷಕ್ಕೆ ಈಗ ಒಂದು ಧೈರ್ಯದ ಮಾತು ಬಾಯಿಂದ ಬಂದಿದೆ. ಒಂದು ರಾತ್ರಿ ಕೂರಲಿ ಬಿಡಿ. ಉಪ್ಪು ತಿಂದೋರು ನೀರು ಕುಡೀಬೇಕು."

"ಒಂದು ರಾತ್ರಿ ಅಲ್ಲ, ಇಡೀ ಜನ್ಮ."

"ಅಷ್ಟು ದೂರ ಹೋಗೋಕೆ ಬಿಡಲ್ಲ. ಐದು ಗಂಟೆಗೆ ನಾನೇ ಬರ್ತಿದ್ದೆ." ಆಕೆ ಕೋಟಿನ ತೋಳನ್ನು ಎತ್ತಿ ತೋರಿಸಿದಳು. ಗಂಡಸಿನ ಕೋಟು, ಹಳೆಯ ಅಳತೆ, ಅಗಲ ಭುಜ. "ಸ್ಪರ್ಧೆಗೆ ಹಾಕ್ಕೊಂಡು ಹೋಗ್ಲಿ ಅಂತ. ಅವರಿಗೆ ಒಳ್ಳೇ ಬಟ್ಟೆ ಒಂದೂ ಇಲ್ಲ."

ಇನ್ಸ್‌ಪೆಕ್ಟರ್ ಆ ಕೋಟನ್ನು ನೋಡುತ್ತ ನಿಂತಳು. ಇಷ್ಟು ಕ್ರೂರವಾದ ಪ್ರೀತಿಯನ್ನು ಅವಳು ನೋಡಿರಲಿಲ್ಲ. ಯಾವ ಕಲಮಿನಡಿ ಬರೆಯುವುದೆಂದೂ ತೋಚಲಿಲ್ಲ.

ಆಗ ಮಾತಿನ ನಡುವೆ ಬಿದ್ದುಹೋಗಿದ್ದ ಪ್ರಶ್ನೆ ನೆನಪಾಯಿತು.

"ಟಾರ್ಚ್ ಹಿಡಿದದ್ದು ಯಾವ ವಿಮಾನಕ್ಕೆ?"

"ಇನ್ಯಾವುದಕ್ಕೆ? ಭಾವನದಕ್ಕೆ. ಬೂದು ಬಣ್ಣದ್ದು."

"ಅದನ್ನ ಆಮೇಲೆ ಸರಿ ಮಾಡಿದ್ರಾ?"

"ಹೇಗೆ ಮಾಡಲಿ? ಅದರ ರಿಮೋಟ್ ಭಾವ ಊಟಕ್ಕೆ ಹೋಗೋವಾಗ ಬಿಟ್ಟುಹೋಗಿದ್ರು, ಇವರು ಕೆಲಸ ಮುಗಿಸಿ ಹಾಲಲ್ಲಿ ಅವರ ಕೈಗೇ ಕೊಟ್ರಂತೆ, ಮರೆತು ಬಂದಿದ್ದೀಯಲ್ಲೋ ಅಂತ. ಭಾನುವಾರ ಮೈದಾನದಲ್ಲಿ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಇದೆಲ್ಲ ಆಯ್ತು. ಬೂದು ವಿಮಾನ ಹಾರಲೇ ಇಲ್ಲ. ಆಮೇಲೆ ಶೆಡ್ಡಿಗೆ ನೀವೇ ಬೀಗ ಜಡಿದ್ರಿ." ಆಕೆ ಭುಜ ಕುಣಿಸಿದಳು. "ವಿಮಾನ ಬೀಗದೊಳಗೆ, ಭಾವ ಲಾಕಪ್ಪಿನೊಳಗೆ. ಅದಕ್ಕಿಂತ ಭದ್ರ ಇನ್ನೇನಿದೆ?"

ಸತ್ತವನ ವಿಮಾನ, ರಿಮೋಟನ್ನು ಮಾತ್ರ ಇನ್ಸ್‌ಪೆಕ್ಟರ್ ಪ್ರಯೋಗಾಲಯಕ್ಕೆ ಕಳಿಸಿದ್ದಳು. ಬಡಗಿಯ ವಿಮಾನ, ಬಡಗಿಯ ರಿಮೋಟು, ಎರಡನ್ನೂ ಯಾರೂ ತೆರೆದು ನೋಡಿರಲಿಲ್ಲ. ಆ ನಿರಪರಾಧಿಯ ವಸ್ತುಗಳಲ್ಲಿ ನೋಡುವುದೇನಿದೆ ಎಂದುಕೊಂಡಿದ್ದಳು.

ಅವಳು ತಲೆಯೆತ್ತಿ ಗೋಡೆ ನೋಡಿದಳು. ನಾಲ್ಕಕ್ಕೆ ಇನ್ನೂ ಐದು ನಿಮಿಷ. ಉಸಿರು ಬಿಟ್ಟಳು.

"ಆ ಗಡಿಯಾರ ಹಿಂದಿದೆ," ಎಂದಳು ಆಕೆ. "ಹತ್ತು ನಿಮಿಷ. ಯಾಕೆ ಮೇಡಂ? ಮುಖ ಯಾಕೆ ಹಾಗಾಯ್ತು?"

ಫೋನು ಚೀಲದ ತಳದಲ್ಲಿತ್ತು. ಹಾಳೆ, ಕೈಕವಚ, ಬೀಗದ ಕೀಲಿ, ಎಲ್ಲವೂ ನೆಲಕ್ಕೆ ಚೆಲ್ಲಿದವು. ಮುಖ್ಯ ಪೇದೆಯ ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

ಒಂದು ರಿಂಗ್. ಎರಡು. ಐದು.

"ನಿಮ್ಮ ಭಾವನ ಕೈಲಿ ಬೂದು ವಿಮಾನ ಕೊಟ್ಟು ಬಂದಿದೀನಿ," ಎಂದಳು ಇನ್ಸ್‌ಪೆಕ್ಟರ್. "ಅವರ ಅಭ್ಯಾಸದ ಹಾಗೇ ಮಾಡ್ಲಿ ಅಂತ."

ಸ್ಟೂಲು ಹಿಂದಕ್ಕೆ ಉರುಳಿತು. ಆಕೆ ಎದ್ದು ನಿಂತಿದ್ದಳು. ಆ ಮುಖದಲ್ಲಿ ಈಗ ನಗುವೂ ಇರಲಿಲ್ಲ, ಹನ್ನೊಂದು ವರ್ಷದ ಸಿಟ್ಟೂ ಇರಲಿಲ್ಲ.

ಫೋನ್ ಎತ್ತಿದ ಸದ್ದು.

"ಹೇಳಿ ಮೇಡಂ." ಅಳತೆಗೋಲಿನ ದನಿ, ಮೆಲ್ಲಗೆ, ಅಚ್ಚುಕಟ್ಟಾಗಿ. "ನೀವು ಹೇಳಿದ ಹಾಗೇ ಎಲ್ಲ ನಡೀತಿದೆ. ಹನ್ನೊಂದು ಫೋಟೋ ಆಯ್ತು. ನಾನು ಮಧ್ಯೆ ಬಾಯಿ ಹಾಕಿಲ್ಲ. ಈಗ ಕೊನೇದು, ರಿಮೋಟ್ ಒತ್ತಿ ಹಿಡಿದಿದ್ದಾರೆ..."

"ನಿಲ್ಸಿ! ವಿಮಾನದ ಹತ್ರದಿಂದ ಎಳೀರಿ ಅವರನ್ನ!"

"ಯಾರನ್ನ ಮೇಡಂ?"

ಉತ್ತರ ಕೊಡುವುದಕ್ಕೆ ಹೊತ್ತು ಉಳಿದಿರಲಿಲ್ಲ. ಫೋನಿನ ಒಳಗಿಂದ ಕಣಜದ ಗೂಡಿಗೆ ಕಲ್ಲು ಬಿದ್ದಂಥ ಸದ್ದು ಎದ್ದಿತು. ಏರಿತು, ಕಿರುಚಿತು. ಏನೋ ಮರದ್ದು ಉರುಳಿತು. ಕ್ಯಾಮೆರಾದವನು ದೇವರೇ ಎಂದು ಕೂಗಿದ. ಆಮೇಲೆ ಪ್ರೊಪೆಲರ್ ಯಾವುದಕ್ಕೋ ಸಿಕ್ಕಿಕೊಂಡ ಹಾಗೆ ಕಟಕಟನೆ ಬಡಿದುಕೊಂಡು ನಿಂತಿತು.

ಹೊಲಿಗೆ ಕೋಣೆಯಲ್ಲಿ ಇಬ್ಬರು ಹೆಂಗಸರು ಮೇಜಿನ ಮೇಲಿನ ಫೋನನ್ನು ನೋಡುತ್ತ ನಿಂತಿದ್ದರು. ಆ ಕಡೆ ಯಾರೋ ಓಡಿದರು, ಯಾರೋ ಬಟ್ಟೆ ತನ್ನಿ ಎಂದರು. ನರಳುವ ಸದ್ದು ಕೇಳಿಸಿತು. ನರಳುತ್ತಿದ್ದಾನೆ ಎಂದರೆ ಬದುಕಿದ್ದಾನೆ.

"ಮೇಡಂ," ಎಂದ ಅಳತೆಗೋಲು. ದನಿಯಲ್ಲಿ ಈಗ ಯಾವ ಅಳತೆಯೂ ಇರಲಿಲ್ಲ. "ಮೇಡಂ, ಕೈ..."

ದಂತವೈದ್ಯನ ಹೆಂಡತಿ ಕೋಟಿನ ತೋಳನ್ನು ಎದೆಗೊತ್ತಿಕೊಂಡು ಫೋನಿನ ಮೇಲೆ ಬಗ್ಗಿದಳು.

"ಯಾವ ಕೈ?" ಎಂದು ಕೇಳಿದಳು.